ಕುಸುಬೆ ಎಣ್ಣೆ ಹಾಕಿದ ಮಷಿನು

ನಮ್ಮ ಮನೆಗೆ ಬಂದ ಸಾಮಾನುಗಳಲ್ಲಿ ಕಡೆಯವರೆಗೂ ಹೇಳಿದ ಮಾತು ಕೇಳಿದ್ದು ಅಜ್ಜನ ಕಾಲದ ತಕ್ಕಡಿ ಒಂದೇ. ಉಳಿದವೆಲ್ಲ ಅಪ್ಪ ಶಿರಸಿ ಪೇಟೆಯಿಂದ ತಂದವು. ತಂದ ಸ್ವಲ್ಪ ದಿನಕ್ಕೇ ಪ್ರತಿಯೊಂದೂ ಒಂದು ಚಾಳಿ ಕಲಿಯುತ್ತಿತ್ತು. ಗಡಿಯಾರವನ್ನು ಅಂಗಾತ ಮಲಗಿಸಿದರೆ ಮಾತ್ರ ಟಿಕ್‌ಟಿಕ್ ಅನ್ನುತ್ತಿತ್ತು. ಹೊತ್ತು ನೋಡಬೇಕಾದವರು ಬಾವಿಯೊಳಗೆ ಇಣುಕುವ ಹಾಗೆ ಅದರ ಮೇಲೆ ಬಗ್ಗಬೇಕು. ಸ್ಟೋ ಹೊತ್ತಿಸಲು ಕುಳಿತರೆ ಪಿನ್ನು ಚುಚ್ಚುವುದು, ಪಂಪು ಹೊಡೆಯುವುದು, ಮತ್ತೆ ಪಿನ್ನು ಚುಚ್ಚುವುದು. ಕೊನೆಗೆ ಅವ್ವ ಎದ್ದು ಕಟ್ಟಿಗೆ ಒಲೆಯ ಮೇಲೆ ಚಹಾ ಇಡುತ್ತಿದ್ದಳು.

ರಾತ್ರಿ ಹಾದಿಗೆ ಹಿಡಿಯುವ ಬ್ಯಾಟರಿಯದು ಬೇರೆಯೇ ಕಥೆ. ಹೊಸ ಸಾಮಾನು ಯಾವುದೇ ಇರಲಿ, ವಿಭೂತಿ ಹಚ್ಚದೆ ನಮ್ಮಲ್ಲಿ ಉಪಯೋಗಿಸುವುದಿಲ್ಲ. ಬ್ಯಾಟರಿ ಬಂದ ದಿನ ಅದರ ಹಣೆ ಯಾವುದೆಂದು ಅತ್ತೆ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಮುಂದಿನ ಗಾಜಿಗೇ ಮೂರು ಬೆರಳು ಎಳೆದಳು. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಹಚ್ಚಿದ ವಿಭೂತಿಯನ್ನು ಕೈಯಾರೆ ಒರೆಸಬಾರದು ಎಂದಳು. ಹೀಗಾಗಿ ಅಪ್ಪ ಬ್ಯಾಟರಿ ಬಿಟ್ಟಾಗೆಲ್ಲ ಹಾದಿಯ ಮೇಲೆ ಬೆಳಕಿನ ನಡುವೆ ಮೂರು ಕಪ್ಪು ಪಟ್ಟೆ ಬೀಳುತ್ತಿದ್ದವು.

"ಹಾದೀಗೂ ವಿಭೂತಿ ಹಚ್ಚಿಬಿಟ್ಟಿ ನೋಡಕ್ಕ" ಎಂದು ಅಪ್ಪ ಅಂದರೆ ಅತ್ತೆ, "ಹಚ್ಚಿದ್ದಕ್ಕ ಇನ್ನೂ ತನಕ ಹಾವು ಕಡದಿಲ್ಲ ನಿನಗ, ಸುಮ್ನಿರು" ಅನ್ನುತ್ತಿದ್ದಳು.

ಆಗ ಇವೆಲ್ಲ ನಗುವ ಮಾತುಗಳು. ಕೆಟ್ಟದ್ದು ಸಾಮಾನು, ಬೈಸಿಕೊಳ್ಳುವುದೂ ಸಾಮಾನು. ಹೊಲಿಗೆ ಮಷಿನು ನಮ್ಮ ಮನೆಗೆ ಬಂದು ಹೋದ ಮೇಲೆ, ಏನೇ ಕೆಟ್ಟರೂ ಅದು ನನ್ನ ತಂಗಿಯ ಕೈಯ ತಪ್ಪು ಎಂದಾಯಿತು. ಹಾಗಾದದ್ದು ನನ್ನಿಂದ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಬರೆದು ರೂಢಿಯಿಲ್ಲ. ಆದರೂ ಇದನ್ನು ಇನ್ನೊಬ್ಬರ ಕೈಯಲ್ಲಿ ಬರೆಸುವುದು ಸರಿಯಲ್ಲ ಎಂದು ನಾನೇ ಕುಳಿತಿದ್ದೇನೆ.

ಎಕ್ಕಂಬಿಯಿಂದ ಸ್ವಲ್ಪ ಆಚೆ, ರಸ್ತೆಗೆ ತಾಗಿ ನಮ್ಮ ಕಿರಾಣಿ ಅಂಗಡಿ. ಅಂಗಡಿಯ ಬೆನ್ನಿಗೆ ಮನೆ. ತಂಗಿ ನನಗಿಂತ ಮೂರು ವರ್ಷ ಸಣ್ಣವಳು. ಚಿಕ್ಕವಳಿದ್ದಾಗ ಬಂದ ಜ್ವರ ಬಿಟ್ಟು ಹೋಗುವಾಗ ಅವಳ ಬಲಗಾಲಿನ ಶಕ್ತಿಯನ್ನು ತೆಗೆದುಕೊಂಡು ಹೋಯಿತು. ಗೋಡೆ ಹಿಡಿದು ನಡೆಯುತ್ತಿದ್ದಳು. ಅವಳಿಗೆ ಲಗ್ನವಾಗುವುದು ಕಷ್ಟ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೆ ಬೆರಳು ಬಹಳ ಚುರುಕು. ಶಿರಸಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಹೊಲಿಗೆ ಕಲಿತು ಬಂದಳು.

ಮುಂಬೈ ಸರ್ಕಾರ ಹೋಗಿ ನಾವು ಮೈಸೂರಿಗೆ ಸೇರಿದ ವರ್ಷದ ಚಳಿಗಾಲದಲ್ಲಿ ಅಪ್ಪ ಅವಳಿಗೆ ಮಷಿನು ತಂದ. ಕಾಲಿನಿಂದ ತುಳಿಯುವುದಲ್ಲ, ನೆಲದ ಮೇಲೆ ಇಟ್ಟುಕೊಂಡು ಕೈಯಿಂದ ತಿರುಗಿಸುವುದು. ಗಾಡಿಯಿಂದ ಇಳಿಸುವಾಗ ಅಪ್ಪ, "ಶಿವ ಕಾಲು ಕೊಡೂದು ಮರತಾನ, ಕೈ ಕೊಟ್ಟಾನ. ಇನ್ನ ಅಕಿ ಯಾರ ಮುಂದೂ ಕೈ ಒಡ್ಡೂದಿಲ್ಲ" ಎಂದ. ತಂಗಿ ಮಷಿನಿನ ಕಪ್ಪು ಮೈಮೇಲೆ ಅಂಗೈ ಇಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ.

ನಮ್ಮ ಕಡೆ ಕೈಗುಣ ಎಂಬ ಮಾತಿದೆ. ಕೆಲವರು ಬಳ್ಳಿ ನೆಟ್ಟರೆ ಚಪ್ಪರ ತುಂಬುತ್ತದೆ, ಕೆಲವರು ನೆಟ್ಟರೆ ಒಣಗುತ್ತದೆ. ನನ್ನ ಕೈಗುಣ ಒಳ್ಳೆಯದೆಂದು ಮನೆಯಲ್ಲಿ ಹೆಸರು. ಹೀರೆ ಬಳ್ಳಿ ನೆಡಲು, ಹಾಲಿಗೆ ಹೆಪ್ಪು ಹಾಕಲು, ಬೆಳಗಿನ ಬೋಣಿಗೆಗೆ ತಕ್ಕಡಿ ಮುಟ್ಟಲು ನಾನೇ ಬೇಕು. ಓಣಿಯ ಹೆಂಗಸರೂ ಬಿತ್ತನೆಯ ಬೀಜದ ಬುಟ್ಟಿಯನ್ನು ನನ್ನಿಂದ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಓದಿನಲ್ಲಿ ಹಿಂದೆ, ರೂಪದಲ್ಲಿ ಸಾಧಾರಣ. ನನ್ನದು ಎಂದು ಇದ್ದದ್ದು ಅದೊಂದು ಹೆಸರು.

ಹಾಗಾಗಿ ಮಷಿನಿಗೆ ಎಣ್ಣೆ ಹಾಕುವ ಕೆಲಸವೂ ನನಗೆ ಬಂತು. ಸೋಮವಾರ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ ವಿಭೂತಿ ಹಚ್ಚುವಾಗ ಮಷಿನಿಗೂ ಹಚ್ಚಿ, ಅದರ ತೂತುಗಳಿಗೆ ಎರಡೆರಡು ಹನಿ ಎಣ್ಣೆ ಬಿಡಬೇಕು. ಎಣ್ಣೆ ಮಷಿನಿನ ಜೊತೆಯಲ್ಲೇ ಬಂದಿತ್ತು, ಹಕ್ಕಿಯ ಕೊಕ್ಕಿನಂಥ ಮೂತಿಯ ಸಣ್ಣ ಡಬ್ಬಿಯಲ್ಲಿ. ತಂಗಿ ಹೊಲಿಯಬೇಕು, ಎಣ್ಣೆ ಅಕ್ಕನ ಕೈಯಿಂದ ಬೀಳಬೇಕು. ಇದು ಅತ್ತೆಯ ಕಟ್ಟಪ್ಪಣೆ.

ಮೊದಮೊದಲು ಮಷಿನು ನೀರಿನಂತೆ ಓಡಿತು. ಓಣಿಯವರು ಜಂಪರು, ಲಂಗ, ದಿಂಬಿನ ಚೀಲ ತಂದುಕೊಟ್ಟರು. ತಂಗಿ ಹಾಡಿಕೊಳ್ಳುತ್ತ ಹೊಲಿಯುತ್ತಿದ್ದಳು. ಮನೆಯಲ್ಲಿ ಅವಳು ಹಾಡಿದ್ದನ್ನು ನಾನು ಅದಕ್ಕಿಂತ ಮುಂಚೆ ಕೇಳಿರಲಿಲ್ಲ. ನನಗೆ ಸಂತೋಷವಾಗುತ್ತಿತ್ತು ಎಂದು ಬರೆದರೆ ಪೂರಾ ನಿಜವಲ್ಲ. ಬಂದವರು ಈಗ ನೇರವಾಗಿ ಅವಳ ಹತ್ತಿರ ಹೋಗಿ ಕುಳಿತುಕೊಳ್ಳುತ್ತಿದ್ದರು.

ಒಂದು ಸೋಮವಾರ ಆ ಡಬ್ಬಿ ನನ್ನ ಕೈಯಿಂದ ಜಾರಿ ಬಿತ್ತು. ಮುಚ್ಚಳ ಸಡಿಲವಾಗಿತ್ತು. ಎಣ್ಣೆಯೆಲ್ಲ ಸೆಗಣಿ ಸಾರಿಸಿದ ನೆಲ ಕುಡಿದುಬಿಟ್ಟಿತು. "ಅಪ್ಪಾ, ಎಣ್ಣೆ ಚೆಲ್ಲಿದೆ, ಶಿರಸಿಗೆ ಹೋದಾಗ ತಗೊಂಡು ಬಾ" ಎಂದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ನನ್ನ ಕೈಯಿಂದ ಏನಾದರೂ ಬಿತ್ತು ಎಂದು ಹೇಳಿ ನನಗೆ ಅಭ್ಯಾಸವಿರಲಿಲ್ಲ. ಅಡುಗೆಮನೆಯಲ್ಲಿ ಹಾವೇರಿ ಕಡೆಯ ಗಾಣದಿಂದ ಬಂದ ಕುಸುಬೆ ಎಣ್ಣೆಯ ಭರಣಿ ಇತ್ತು. ಅದರಿಂದ ಡಬ್ಬಿ ತುಂಬಿಸಿ, ನೆಲ ಸಾರಿಸಿ, ಇದ್ದಲ್ಲೇ ಇಟ್ಟೆ. ಎಣ್ಣೆ ಎಂದರೆ ಎಣ್ಣೆ ಎಂದುಕೊಂಡೆ. ನಾವು ಒಗ್ಗರಣೆಗೆ ಹಾಕುವುದು, ದೇವರ ದೀಪಕ್ಕೆ ಹಾಕುವುದು ಅದೇ. ಅದು ಮಷಿನಿಗೆ ಕೆಟ್ಟದ್ದು ಮಾಡೀತು ಎಂದು ಅನ್ನಿಸಲೇ ಇಲ್ಲ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ತಂಗಿ, "ಅಕ್ಕಾ, ಗಾಲಿ ಯಾಕೋ ಭಾರ ಆಗೇತಿ" ಎಂದಳು. ನಾನು ಮುಂದಿನ ಸೋಮವಾರ ನಾಲ್ಕು ಹನಿ ಹೆಚ್ಚಿಗೆ ಬಿಟ್ಟೆ. ಭಾರ ಹೆಚ್ಚಾಯಿತು. ನಾನು ಇನ್ನೂ ಹೆಚ್ಚಿಗೆ ಬಿಟ್ಟೆ. ಅವಳು ಒಂದು ಕೈಯಲ್ಲಿ ಬಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಬೀಸುಕಲ್ಲು ತಿರುಗಿಸಿದಂತೆ ಹಿಡಿಕೆ ತಿರುಗಿಸಬೇಕಾಯಿತು. ಸೂಜಿ ಒಂದು ಹೊಲಿಗೆ ಹಾಕಿದರೆ ಎರಡು ಬಿಡುತ್ತಿತ್ತು. ನೂಲು ಹರಿಯುತ್ತಿತ್ತು. ಅವಳ ಹಾಡು ನಿಂತಿತು. ನೂಲು ಬದಲಿಸಿ ನೋಡಿದಳು, ಸೂಜಿ ಬದಲಿಸಿದಳು, ಮಷಿನನ್ನು ಬಿಸಿಲಿಗೆ ಇಟ್ಟಳು. ಅಪ್ಪ ಶಿರಸಿಯ ಅಂಗಡಿಯವನನ್ನು ಕೇಳಿ ಬಂದ. ಅವನು, "ಎಣ್ಣೆ ಸರಿಯಾಗಿ ಹಾಕ್ತಾ ಇದ್ರಾ?" ಎಂದು ಕೇಳಿದನಂತೆ. ಅಪ್ಪ, "ಅದರಾಗ ಕಡಿಮಿ ಇಲ್ಲ, ನನ್ನ ದೊಡ್ಡಾಕಿ ಹಾಕ್ತಾಳ" ಎಂದನಂತೆ.

ಆ ಬೇಸಿಗೆಯಲ್ಲಿ ಹತ್ತಿರದ ಒಂದು ಮನೆಯ ಲಗ್ನಕ್ಕೆ ತಂಗಿ ಜಂಪರುಗಳನ್ನು ಹೊಲಿದುಕೊಟ್ಟಳು. ಅಕ್ಕಿಕಾಳು ಹಾಕುವ ಹೊತ್ತಿಗೆ ಮದುಮಗನ ತಂಗಿ ಕೈ ಎತ್ತಿದಳು, ಕಂಕುಳಲ್ಲಿ ಜಂಪರು ಬಿಚ್ಚಿಕೊಂಡಿತು. ನೋಡನೋಡುತ್ತ ಮತ್ತೊಬ್ಬಳದೂ ಬೆನ್ನಲ್ಲಿ ಬಿಚ್ಚಿತು. ಚಪ್ಪರದ ಕೆಳಗೆ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮರುದಿನ ಮದುಮಗನ ತಾಯಿ ನಮ್ಮ ಅಂಗಡಿಯ ಮುಂದೆ ನಿಂತು, "ನಿಮ್ಮ ಹುಡುಗಿ ಹೊಲದದ್ದೋ, ಬರೇ ಅಂಟಿಸಿ ಕೊಟ್ಟದ್ದೋ?" ಎಂದು ಕೇಳಿದರು. ಅಪ್ಪ ಅವರಿಗೆ ಬೆಲ್ಲ ಕಟ್ಟಿಕೊಟ್ಟ. ಅಲ್ಲಿಂದ ಮುಂದೆ ಬಟ್ಟೆ ಕೊಡಲು ಯಾರೂ ಬರಲಿಲ್ಲ.

ಮಾತು ಮೊದಲು ತೆಗೆದವಳು ಅತ್ತೆ. "ಮಷಿನ್ ಹೊಸಾದು, ಎಣ್ಣಿ ಹಾಕಾಕಿ ಕೈಗುಣದಾಕಿ. ಉಳದದ್ದು ಏನು? ಹೊಲಿಯೋ ಕೈ." ಅವ್ವ, "ಹಂಗ ಅನಬ್ಯಾಡ್ರಿ" ಎಂದಳು. ಎಂದಳು, ಅಷ್ಟೇ. ಅವಳ ಮುಖದಲ್ಲೂ ಆ ಅನುಮಾನ ಬಂದು ಕುಳಿತದ್ದನ್ನು ತಂಗಿ ನೋಡಿದಳು, ನಾನೂ ನೋಡಿದೆ.

ಮಹಾನವಮಿಗೆ ಮನೆಯ ಭರಣಿಗಳನ್ನೆಲ್ಲ ತೊಳೆಯುವಾಗ ನನಗೆ ತಿಳಿಯಿತು. ಕುಸುಬೆ ಎಣ್ಣೆಯ ಭರಣಿಯ ಕಂಠದಲ್ಲಿ, ಎಣ್ಣೆ ಸೋರಿದ ಕಡೆ, ಹಳದಿ ತೊಗಟೆಯಂತೆ ಏನೋ ಗಟ್ಟಿಯಾಗಿ ಹತ್ತಿತ್ತು. ತೆಂಗಿನ ನಾರಿನಿಂದ ತಿಕ್ಕಿದರೂ ಹೋಗಲಿಲ್ಲ. ಉಗುರು ಹಾಕಿ ಎಬ್ಬಿಸಿದೆ. ಮರದ ಅಂಟಿನ ಹಾಗೆ ಚೂರುಚೂರಾಗಿ ಬಂತು. ಕೈಯಲ್ಲಿ ಆ ಚೂರು ಹಿಡಿದುಕೊಂಡೇ ಒಳಗೆ ಹೋಗಿ ಮಷಿನನ್ನು ಓರೆ ಮಾಡಿ ಅದರ ಹೊಟ್ಟೆ ನೋಡಿದೆ. ಅಲ್ಲೂ ಅದೇ ಹಳದಿ. ಹಲ್ಲುಗಾಲಿಗಳ ಸಂದಿಯಲ್ಲಿ, ಸೂಜಿಯ ಕಡ್ಡಿಯ ಸುತ್ತ, ನಾನು ಪ್ರತಿ ಸೋಮವಾರ ವಿಭೂತಿ ಹಚ್ಚಿ, ಕೈಮುಗಿದು ಬಿಟ್ಟ ಎಣ್ಣೆ.

ಆ ವಾರ ಯಲ್ಲಾಪುರದಿಂದ ನನ್ನನ್ನು ನೋಡಲು ಬಂದು ಹೋಗಿದ್ದರು. ಅಪ್ಪ ಅವರ ಮುಂದೆ ನನ್ನ ಬಗ್ಗೆ ಹೇಳಿದ್ದು ಒಂದೇ ಮಾತು: "ಓದು ಕಡಿಮಿರಿ. ಆದ್ರ ಇಕಿ ಮುಟ್ಟಿದ್ದು ಕೆಟ್ಟದ್ದು ನಾ ಕಂಡಿಲ್ಲ." ಹುಡುಗನ ತಾಯಿ ಅದನ್ನು ಕೇಳಿ ನನ್ನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ನೋಡಿದ್ದರು. ನಾನು ಆ ಹಳದಿ ಚೂರನ್ನು ಒಲೆಗೆ ಹಾಕಿದೆ. ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆಯನ್ನು ಹಿತ್ತಲಿಗೆ ಚೆಲ್ಲಿ, ಡಬ್ಬಿಯನ್ನು ಬೂದಿಯಿಂದ ತಿಕ್ಕಿ ತೊಳೆದಿಟ್ಟೆ. ಲಗ್ನ ನಿಶ್ಚಯವಾದ ಮೇಲೆ ಹೇಳೋಣ ಎಂದುಕೊಂಡೆ. ನಿಶ್ಚಯವಾಯಿತು. ಲಗ್ನವಾದ ಮೇಲೆ ಹೇಳೋಣ ಎಂದುಕೊಂಡೆ.

ಅಷ್ಟರಲ್ಲಿ ಸಿದ್ದಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅಪ್ಪನ ಗೆಳೆಯರೊಬ್ಬರು ಬಂದು ಮಷಿನನ್ನು ಕೊಂಡು ಹೋದರು. ಗಾಡಿಗೆ ಏರಿಸುವಾಗ ತಂಗಿ ಹೊರಗೆ ಬರಲಿಲ್ಲ. ಮಷಿನಿನ ಜೊತೆ ಬಂದ ಕತ್ತರಿಯೊಂದನ್ನು ಮಾತ್ರ ಅವ್ವ ಕೊಡದೆ ಟ್ರಂಕಿನಲ್ಲಿ ಇಟ್ಟಳು.

ನನ್ನ ಲಗ್ನಕ್ಕೆ ಆ ಸಿದ್ದಾಪುರದವರೂ ಬಂದಿದ್ದರು. ಊಟದ ಪಂಕ್ತಿಯಲ್ಲಿ ಅಪ್ಪ, "ಹೆಂಗ ನಡದೈತ್ರಿ ನಮ್ಮ ಮಷಿನು?" ಎಂದು ಕೇಳಿದ.

"ಏನು ಕೇಳ್ತೀರಿ, ಹಾಲು ಕುಡದಂಗ ಓಡತೈತಿ. ಸೀಮೆಎಣ್ಣಿ ಹಾಕಿ ಒಮ್ಮೆ ತೊಳದೆ, ಅಷ್ಟ."

ಸೀಮೆಎಣ್ಣೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಓಡುತ್ತದೆ ಎಂಬುದನ್ನಷ್ಟೇ ಕೇಳಿಸಿಕೊಂಡರು. "ನೋಡಿದ್ರ್ಯಾ?" ಎಂದಳು ಅತ್ತೆ, ಪಂಕ್ತಿಗೆಲ್ಲ ಕೇಳುವಂತೆ. "ಕೈ ಬದಲಾತು, ಮಷಿನ್ ಸರಿಯಾತು." ತಂಗಿ ಕಂಬಕ್ಕೆ ಒರಗಿ ಕುಳಿತು ಎಲೆ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಿ ಎರಡೂ ಕೈಗಳನ್ನು ಸೆರಗಿನೊಳಗೆ ತೆಗೆದುಕೊಂಡಳು. ನಾನು ಬಾಸಿಂಗ ಕಟ್ಟಿಕೊಂಡು ಕುಳಿತಿದ್ದೆ. ನೋಡಿದೆ, ತಲೆ ತಗ್ಗಿಸಿದೆ. ಮದುಮಗಳು ತಲೆ ತಗ್ಗಿಸಿದರೆ ಯಾರೂ ಯಾಕೆಂದು ಕೇಳುವುದಿಲ್ಲ.

ಯಲ್ಲಾಪುರದಿಂದ ತವರಿಗೆ ಬಂದಾಗೆಲ್ಲ ನೋಡುತ್ತಿದ್ದೆ. ಗಡಿಯಾರ ಪೂರ್ತಿ ನಿಂತಾಗ, "ಅಕಿ ಏನರ ಕೀಲಿ ಕೊಟ್ಟಳೇನ?" ಮಳೆಗಾಲದಲ್ಲಿ ಬ್ಯಾಟರಿಯ ಸೆಲ್ಲು ಒಡೆದು ನೀರು ಬಿಟ್ಟಾಗ, "ನೀ ಮುಟ್ಟಿದ್ಯಾ?" ಸ್ಟೋ ಭುಸ್ಸೆಂದು ಆರಿದಾಗ ಎಲ್ಲರೂ ಅವಳ ಕಡೆ ನೋಡುತ್ತಿದ್ದರು. ಇವು ಮೊದಲೂ ಕೆಡುತ್ತಿದ್ದ ಸಾಮಾನುಗಳೇ. ಆದರೆ ಅವು ಮೊದಲಿನಿಂದ ಹಾಗೇ ಇದ್ದವು ಎಂಬುದು ಎಲ್ಲರಿಗೂ ಮರೆತುಹೋಗಿತ್ತು. ಅದೂ ತಮಾಷೆಗೇ ಅನ್ನುತ್ತಿದ್ದರು. ಅವಳೂ ನಗುತ್ತಿದ್ದಳು. ಬರುಬರುತ್ತ ಹಾಲಿಗೆ ಹೆಪ್ಪು ಹಾಕುವುದನ್ನು ಬಿಟ್ಟಳು. ದೀಪ ಹಚ್ಚುವುದನ್ನು ಬಿಟ್ಟಳು. ಅಕ್ಕಿ ಆರಿಸುವುದು, ಬಳ್ಳುಳ್ಳಿ ಸುಲಿಯುವುದು, ಕೆಡಲಿಕ್ಕೆ ಏನೂ ಇಲ್ಲದ ಕೆಲಸ ಅಷ್ಟೇ ಮಾಡುತ್ತಿದ್ದಳು.

ಹೀಗೆ ಆರೇಳು ವರ್ಷ ಹೋಯಿತು. ಒಂದು ಪಂಚಮಿಗೆ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದೆ. ಮಗಳ ತಗಡಿನ ಗಿಲಕಿಯ ಹಿಡಿಕೆ ಕಳಚಿತ್ತು. ಅದನ್ನು ತಂಗಿಯ ಕೈಗೆ ಕೊಡಲು ಹೋದಳು.

"ನಿಮ್ಮವ್ವನ ಕೈಯಾಗ ಕೊಡವ್ವಾ" ಎಂದಳು ತಂಗಿ, ಬಹಳ ಶಾಂತವಾಗಿ. "ನಾ ಮುಟ್ಟಿದ್ರ ಕೆಡತೈತಿ."

ಮಗಳು ಓಡಿ ಬಂದು, "ಅವ್ವಾ, ಚಿಗವ್ವ ಮುಟ್ಟಿದ್ರ ಕೆಡತೈತಂತ, ನೀನ ಮಾಡು" ಎಂದಳು. ಪಾಠ ಒಪ್ಪಿಸಿದ ಹಾಗೆ.

ಗಿಲಕಿ ಹಿಡಿದುಕೊಂಡೇ ನಾನು ಅಂಗಡಿಗೆ ಹೋದೆ. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ. ಅತ್ತೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಓಣಿಯ ಒಬ್ಬ ಹೆಂಗಸು ಉಪ್ಪಿಗೆ ಬಂದಿದ್ದಳು. ಅವರೆದುರಿಗೇ ಎಲ್ಲ ಹೇಳಿದೆ. ಡಬ್ಬಿ ಚೆಲ್ಲಿದ್ದು, ಕುಸುಬೆ ಎಣ್ಣೆ ತುಂಬಿಸಿದ್ದು, ಗೊತ್ತಾದ ಮೇಲೂ ಬಾಯಿ ಬಿಡದೆ ಇದ್ದದ್ದು.

ಅಪ್ಪ ನಕ್ಕ. "ಎಣ್ಣಿ ಹಾಕಿದ್ರ ಯಾವ ಮಷಿನು ಕೆಡತೈತವಾ? ಎಣ್ಣಿ ಹಾಕದಿದ್ರ ಕೆಡತೈತಿ."

"ಇಲ್ಲಪ್ಪಾ, ಅದು ಒಣಗಿ ಅಂಟಾಗತೈತಿ."

"ಇರಲಿ ಬಿಡು. ತಂಗೀಗೆ ಸಮಾಧಾನ ಆಗ್ಲಿ ಅಂತ ಹೇಳಾಕತ್ತಿ. ನನಗ ತಿಳಿಯೂದಿಲ್ಲೇನ?"

ಅತ್ತೆಯ ಕಣ್ಣಲ್ಲಿ ನೀರೇ ಬಂತು. "ಎಂಥಾ ದೊಡ್ಡ ಮನಸು ನೋಡ್ರಿ ಇಕೀದು. ಇಲ್ಲದ್ದನ್ನ ಮೈಮ್ಯಾಲೆ ಎಳಕೊಂತಾಳ." ಉಪ್ಪಿಗೆ ಬಂದಾಕೆ, "ಒಡಹುಟ್ಟಿದಾಕಿ ಅಂದ್ರ ಹಿಂಗಿರಬೇಕು" ಎಂದಳು. ಸಂಜೆಯೊಳಗೆ ಆ ಮಾತು ಓಣಿಯೆಲ್ಲ ಆಯಿತು.

ಅಡುಗೆಮನೆ ಹತ್ತು ಹೆಜ್ಜೆಯೂ ಇರಲಿಲ್ಲ. ಭರಣಿ ತಂದು ಅದರ ಕಂಠವನ್ನು ಅವರಿಗೆ ತೋರಿಸಬಹುದಿತ್ತು. ಜಗಳ ಆಡಿಯಾದರೂ ನಂಬಿಸಬಹುದಿತ್ತು. ನಾನು ಹೋಗಲಿಲ್ಲ. ಅವರು ಹೊಗಳುತ್ತಿದ್ದಾಗ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಎಣ್ಣೆ ಬದಲಿಸಿದ್ದು ತಿಳಿಯದೆ ಮಾಡಿದ ತಪ್ಪು. ಸುಮ್ಮನಿದ್ದದ್ದು ಹೆದರಿಕೆಯಿಂದ. ಆ ದಿನ ಆ ಹೊಗಳಿಕೆಯನ್ನು ತೆಗೆದುಕೊಂಡದ್ದಕ್ಕೆ ಮಾತ್ರ ನನ್ನ ಹತ್ತಿರ ಯಾವ ನೆವವೂ ಇಲ್ಲ.

ತಂಗಿ ಒಳಗಿನಿಂದ ಎಲ್ಲ ಕೇಳಿದ್ದಳು. ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಬಳ್ಳುಳ್ಳಿ ಸುಲಿಯುತ್ತ ಕುಳಿತಿದ್ದವಳು ತಲೆ ಎತ್ತದೆ, "ಅಕ್ಕಾ, ಅದು ಖರೇನ?" ಎಂದಳು.

"ಖರೇ."

"ನನ್ನ ಸಲುವಾಗಿ ಕಟ್ಟಿದ್ದಲ್ಲ?"

"ಅಲ್ಲ."

ಅವಳು ಬೈಯಬಹುದು ಎಂದುಕೊಂಡಿದ್ದೆ. ಅಳಬಹುದು ಎಂದುಕೊಂಡಿದ್ದೆ. ಬಳ್ಳುಳ್ಳಿಯ ಸಿಪ್ಪೆಯನ್ನು ಊದಿ ಹಾರಿಸಿದಳು. "ಹಂಗಾರ ತೋರಿಸು" ಎಂದಳು.

ಟ್ರಂಕಿನಿಂದ ಆ ಕತ್ತರಿಯನ್ನು ತಂದು ಕೊಟ್ಟಳು. ಅವಳ ಎದುರಿಗೇ ಅದರ ತಿರುಪಿಗೆ, ಎರಡು ಅಲಗುಗಳ ನಡುವೆ, ಕುಸುಬೆ ಎಣ್ಣೆ ಸವರಿದೆ. ಮುಚ್ಚಿ, ಒಲೆಯ ಮೇಲಿನ ಹಲಗೆಯ ಮೇಲೆ, ಬಿಸಿ ತಾಗುವ ಕಡೆ ಇಟ್ಟೆವು. ಹಬ್ಬ ಮುಗಿದರೂ ನಾನು ಯಲ್ಲಾಪುರಕ್ಕೆ ಹೋಗಲಿಲ್ಲ, ಮಗಳಿಗೆ ಮೈಯಲ್ಲಿ ಆರಾಮಿಲ್ಲ ಎಂದು ಹೇಳಿ ಕಳಿಸಿದೆ. ತಂಗಿ ದಿನಾ ಬೆಳಿಗ್ಗೆ ಗೋಡೆ ಹಿಡಿದು ಬಂದು ಬೆರಳ ತುದಿಯಿಂದ ಕತ್ತರಿಯನ್ನು ಮುಟ್ಟಿ ನೋಡಿ ಹೋಗುತ್ತಿದ್ದಳು. ಒಂದೆರಡು ಸಲ ಅದರ ಮೇಲೆ ಮತ್ತಷ್ಟು ಎಣ್ಣೆ ಬಿಡಲು ನನಗೆ ಹೇಳಿದಳು, ಹಿಂದೆ ನಾನು ಸೋಮವಾರಗಳಲ್ಲಿ ಮಾಡಿದಂತೆ.

ಎರಡು ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಅದನ್ನು ಕೆಳಗೆ ತೆಗೆದಳು. ಹಿಡಿಕೆಗಳಲ್ಲಿ ಬೆರಳು ಹಾಕಿ ಅಗಲಿಸಿದಳು. ಬರಲಿಲ್ಲ. ನನ್ನ ಮುಂದೆ ಹಿಡಿದಳು.

"ನೀ ತೆಗಿ."

ನಾನು ಎರಡೂ ಕೈ ಹಾಕಿ ಎಳೆದೆ. ನನಗೂ ಬರಲಿಲ್ಲ.

ಕತ್ತರಿಯನ್ನು ವಾಪಸು ತೆಗೆದುಕೊಂಡು, ಬಟ್ಟಲಿನಲ್ಲಿ ಸೀಮೆಎಣ್ಣೆ ಹಾಕಿ ಅದರಲ್ಲಿ ಮುಳುಗಿಸಿಟ್ಟಳು. ಮಧ್ಯಾಹ್ನ ಚಿಂದಿಯಿಂದ ಒರೆಸಿದಳು, ಮತ್ತೆ ಮುಳುಗಿಸಿದಳು. ಹಳದಿ ಮೆತ್ತಗಾಗಿ ಚಿಂದಿಗೆ ಹತ್ತಿ ಬಂತು. ಆಮೇಲೆ ಕತ್ತರಿ ಬಾಯಿ ತೆರೆಯಿತು. ಅವಳು ತೆರೆದಳು, ಮುಚ್ಚಿದಳು, ತೆರೆದಳು. ಒಳಗಿನಿಂದ ಅತ್ತೆ, "ಬರೇ ಕತ್ರಿ ಆಡಿಸಬ್ಯಾಡ್ರೆ, ಮನ್ಯಾಗ ಜಗಳ ಬರತೈತಿ" ಎಂದು ಕೂಗಿದಳು. ತಂಗಿ ನಿಲ್ಲಿಸಲಿಲ್ಲ.

"ಕೈಯಲ್ಲ ಹಂಗಾರ" ಎಂದಳು. ನನಗೆ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು.

"ಅಪ್ಪಗ ಕರದು ತೋರಿಸೋಣ?" ಎಂದು ಕೇಳಿದೆ.

"ಬ್ಯಾಡ. ಮತ್ತ ನಿನ್ನನ್ನ ಹೊಗಳ್ತಾರ."

ಆಮೇಲೆ ಅವ್ವನ ಹಳೆಯ ಇಳಕಲ್ ಸೀರೆಯ ಒಂದು ತುಂಡು ಕೇಳಿ ತೆಗೆದುಕೊಂಡಳು. ನನ್ನ ಮಗಳನ್ನು ಎದುರಿಗೆ ನಿಲ್ಲಿಸಿ ಗೇಣಿನಿಂದ ಅಳೆದು, ಕತ್ತರಿಸಿ, ಸೂಜಿ ದಾರದಲ್ಲಿ ಒಂದು ಲಂಗ ಹೊಲಿದಳು. ಎರಡು ದಿನ ಹಿಡಿಯಿತು. ಮಗಳು ಅದನ್ನೇ ಉಟ್ಟುಕೊಂಡು ಯಲ್ಲಾಪುರಕ್ಕೆ ಬಂದಳು.

ಊರಿನಲ್ಲಿ ಮಾತು ಬದಲಾಗಲಿಲ್ಲ. ಮತ್ತೊಂದು ಮಷಿನು ಆ ಮನೆಗೆ ಬರಲಿಲ್ಲ. ತಂಗಿ ಮತ್ತೆ ಹಾಲಿಗೆ ಹೆಪ್ಪು ಹಾಕತೊಡಗಿದಳು ಎಂದು ಅವ್ವ ಯಾರ ಕೈಯಲ್ಲೋ ಹೇಳಿ ಕಳಿಸಿದ್ದಳು. ಮೊಸರು ಹೇಗಾಗುತ್ತದೆ ಎಂದು ಹೇಳಿ ಕಳಿಸಿರಲಿಲ್ಲ, ನಾನೂ ಕೇಳಲಿಲ್ಲ. ಮಗಳು ಆ ಲಂಗವನ್ನು ಮರ ಹತ್ತಿ, ಕಲ್ಲಿನ ಮೇಲೆ ಜಾರಿ, ಉಟ್ಟು ಉಟ್ಟು ಬಟ್ಟೆಯನ್ನೇ ಹರಿದಳು. ಹೊಲಿಗೆ ಎಲ್ಲೂ ಬಿಚ್ಚಲಿಲ್ಲ.